ಶುಗರ್ ಇರುವವರಿಗೆ ಬೇಗಲ್ ಕೊಡಬಹುದಾ?

ಅಪ್ಪ ಬೆಂಗಳೂರಿನಿಂದ ನ್ಯೂಜೆರ್ಸಿಗೆ ಬಂದಿದ್ದಾರೆ. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಇಲ್ಲಿನ ಬೇಗಲ್ (ನಡುವೆ ತೂತಿರುವ, ಉಂಗುರದ ಆಕಾರದ ದಪ್ಪ ಬನ್) ತುಂಬಾ ಹಿಡಿಸಿಬಿಟ್ಟಿದೆ, ದಿನಾ ಬೆಳಿಗ್ಗೆ ಅದೇ ಬೇಕು. ಕರಿದದ್ದಲ್ಲ, ಎಣ್ಣೆಯಿಲ್ಲ, ಏನಾಗುತ್ತೆ ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ತಿಳಿದವರು ಹೇಳಿ.

ಎಡಿಸನ್‌ನಿಂದ:
ನಮ್ಮ ಅತ್ತೆಗೂ ಶುಗರ್ ಇದೆ, ಅವರಿಗೂ ಬೇಗಲ್ ಅಂದರೆ ಪ್ರಾಣ. ಪೂರ್ತಿ ನಿಲ್ಲಿಸಬೇಡಿ, ಅಳತೆ ನೋಡಿಕೊಳ್ಳಿ. ಸುಮಾರು 100 ಗ್ರಾಂನ ಸಾದಾ ಬೇಗಲ್‌ನಲ್ಲಿ 270–290 ಕ್ಯಾಲರಿ ಇರುತ್ತದೆ. ಕಾರ್ಬ್ಸ್ 55 ಗ್ರಾಂ ಹತ್ತಿರ, ಅಂದರೆ ಸಣ್ಣ ಚಪಾತಿ ಮೂರ್ನಾಲ್ಕು ತಿಂದಷ್ಟು. ಕೊಬ್ಬು ಒಂದೆರಡು ಗ್ರಾಂ ಅಷ್ಟೇ, ಅಲ್ಲಿ ನಿಮ್ಮ ತಂದೆಯವರ ಮಾತು ನಿಜ. ಪ್ರೋಟೀನ್ ಕೂಡ 10 ಗ್ರಾಂ ಸಿಗುತ್ತದೆ. ಆದರೆ ಹಿಟ್ಟು ಮೈದಾ, ನಾರಿನಂಶ ಬರೀ 2 ಗ್ರಾಂ. ಹಾಗಾಗಿ ಶುಗರ್ ಬೇಗ ಏರುತ್ತದೆ. ಗಾತ್ರವೂ ಬೆಳೆದುಬಿಟ್ಟಿದೆ. ಹಿಂದೆ 3 ಇಂಚಿನ ಬೇಗಲ್‌ಗೆ 140 ಕ್ಯಾಲರಿ ಇದ್ದರೆ, ಈಗಿನ 6 ಇಂಚಿನದಕ್ಕೆ 350 ಎಂದು ಅಮೆರಿಕದ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯೇ ತೋರಿಸಿದೆ.

ಅತ್ತೆಗೆ ನಾವು ಅರ್ಧ ಬೇಗಲ್ ಕೊಡುತ್ತೇವೆ. ಅದರ ಮೇಲೆ ಕಾಬೂಲಿ ಕಡಲೆ ಅರೆದು ಮಾಡಿದ ಹಮ್ಮಸ್, ಪಕ್ಕದಲ್ಲಿ ಸೌತೆಕಾಯಿ, ಟೊಮೆಟೊ. ಗೋಧಿಯ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ, ಕಾಬೂಲಿ ಕಡಲೆ ಅದನ್ನು ತುಂಬಿಕೊಡುತ್ತದೆ. ಹೊಟ್ಟೆಯೂ ಗಟ್ಟಿಯಾಗಿರುತ್ತದೆ. ತಿಂದು ಎರಡು ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ನೋಡಿ. ಒಬ್ಬೊಬ್ಬರ ಮೈ ಒಂದೊಂದು ಥರ, ಅಲ್ವಾ? ಆ ಅಂಕಿಗಳನ್ನು ಡಾಕ್ಟರಿಗೂ ತೋರಿಸಿ.

ಮಾಂಟ್ರಿಯಲ್‌ನಿಂದ:
ನಮ್ಮ ಕಡೆಯ ಬೇಗಲ್ ತೆಳ್ಳಗೆ, ನಡುವಿನ ತೂತು ದೊಡ್ಡದು. ಜೇನು ಹಾಕಿದ ನೀರಿನಲ್ಲಿ ಬೇಯಿಸಿ, ಸೌದೆ ಒಲೆಯಲ್ಲಿ ಸುಡುತ್ತಾರೆ. ರುಚಿಗೆ ಇದಕ್ಕೆ ಸಾಟಿಯಿಲ್ಲ! ಆದರೆ ಸಣ್ಣದು ಅಂತ ಎರಡು ತಿಂದರೆ ಲೆಕ್ಕ ಅಲ್ಲಿಗೇ ಬರುತ್ತದೆ. ಬೇಗಲ್ ಬ್ರೆಡ್ಡಿನ ಹಾಗೆ ಹಗುರ ಅಲ್ಲ, ಹಿಟ್ಟು ಒತ್ತಾಗಿರುತ್ತದೆ. ಕಣ್ಣಳತೆ ನಂಬಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ.

ಡಲ್ಲಾಸ್‌ನಿಂದ:
ಕ್ರೀಮ್ ಚೀಸ್ ಬಗ್ಗೆ ಯಾರೂ ಹೇಳಲಿಲ್ಲ. ಎರಡು ಟೇಬಲ್ ಚಮಚಕ್ಕೆ 100 ಕ್ಯಾಲರಿ, 10 ಗ್ರಾಂ ಕೊಬ್ಬು, ಪ್ರೋಟೀನ್ ಮಾತ್ರ 2 ಗ್ರಾಂ. ಅಂಗಡಿಯವರು ಅದಕ್ಕಿಂತ ಜಾಸ್ತಿಯೇ ಮೆತ್ತುತ್ತಾರೆ. ಬೇರೆ ಡಬ್ಬಿಯಲ್ಲಿ ಕೊಡಿ ಅಂತ ಕೇಳಿ, ಕೊಡುತ್ತಾರೆ.

ಪ್ಯಾಕೆಟ್ ಮೇಲೆ ‘ಮಲ್ಟಿಗ್ರೇನ್’ ಅಂತ ಇದ್ದರೆ ಸುಮ್ನೆ ನಂಬಬೇಡಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ‘ಹೋಲ್ ವೀಟ್’ ಇರಬೇಕು. ‘ಎನ್‌ರಿಚ್ಡ್ ಫ್ಲೋರ್’ ಅಂದರೆ ಕಬ್ಬಿಣ, ಬಿ ವಿಟಮಿನ್ ಬೆರೆಸಿದ ಮೈದಾನೇ. ಸಸ್ಯಾಹಾರಿಗಳು ಅಂದಿರಿ, ಹಳದಿ ಬಣ್ಣದ ಎಗ್ ಬೇಗಲ್‌ನಲ್ಲಿ ಮೊಟ್ಟೆ ಇರುತ್ತದೆ, ಗಮನವಿರಲಿ.

ತಂದೆಯವರಿಗೆ ಬಿ.ಪಿ. ಕೂಡ ಇದೆಯಾ? ಸಾದಾ ಬೇಗಲ್‌ನಲ್ಲೇ 400–500 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಬಿ.ಪಿ. ಇದ್ದರೆ ಮೇಲೆ ಉಪ್ಪು ಉದುರಿಸಿದ ‘ಎವೆರಿಥಿಂಗ್’ ಬೇಗಲ್ ಬಿಟ್ಟು ಎಳ್ಳಿನದು ತನ್ನಿ.