60 ಕುಟುಂಬ, ಮೂವರು ಹಿರಿಯರು: ಮನೆಭೇಟಿ ಹೇಗೆ ಹಂಚಿಕೊಳ್ಳುವುದು?

ಪ್ರಶ್ನೆ
ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ಅಯ್ಯನವರಿಗೆ (ಪಾಸ್ಟರ್‌ಗೆ) ಇನ್ನೂ ಎರಡು ಸಭೆಗಳ (ಚರ್ಚ್‌ಗಳ) ಹೊಣೆ ಇದೆ. ಹಾಗಾಗಿ ಮನೆಭೇಟಿ, ಆಸ್ಪತ್ರೆ ಭೇಟಿಯನ್ನು ಸಭೆಯ ಹಿರಿಯರಾದ ನಮ್ಮ ಮೂವರಿಗೆ ವಹಿಸಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ರೋಗಿಯ ಹತ್ತಿರ ಎಷ್ಟು ಹೊತ್ತು ಇರಬೇಕು?

ಉತ್ತರ 1
ತಲಾ 20 ಕುಟುಂಬ ಹಂಚಿಕೊಳ್ಳಿ. ವಾರಕ್ಕೆ ಎರಡು ಮನೆ ಎಂದರೆ ಹತ್ತು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ. ಆದರೆ ಸರದಿಯನ್ನು ಬೀದಿ ಪ್ರಕಾರ ಮಾಡಬೇಡಿ. ಬೈಬಲಿನ ಯೆಹೆಜ್ಕೇಲ 34:4ರಲ್ಲಿ ದೇವರು ಕುರುಬರ (ಅಂದರೆ ಜನರ ನಾಯಕರ) ಮೇಲೆ ಹೊರಿಸುವ ತಪ್ಪುಗಳನ್ನು ಓದಿ: ಬಲಹೀನ, ರೋಗಿ, ಮುರಿದದ್ದು, ಚದರಿದ್ದು, ಕಳೆದುಹೋದದ್ದು, ಈ ಐದನ್ನೂ ಅವರು ನೋಡಿಕೊಳ್ಳಲಿಲ್ಲ. ನಿಮ್ಮ 20 ಮನೆಗಳಲ್ಲಿ ಯಾರು ಯಾವ ಸ್ಥಿತಿಯಲ್ಲಿದ್ದಾರೆಂದು ಮೊದಲು ಗುರುತು ಮಾಡಿ, ಅವರಿಂದಲೇ ಆರಂಭಿಸಿ. ಇಲ್ಲದಿದ್ದರೆ ಒಳ್ಳೆ ಕಾಫಿ ಕೊಡುವ, ಬಾಗಿಲಲ್ಲೇ ನಗುತ್ತಾ ಕರೆಯುವ ಮನೆಗಳಿಗೇ ಮತ್ತೆ ಮತ್ತೆ ಹೋಗುತ್ತೀರಿ. ಮೂರು ಭಾನುವಾರ ಸತತವಾಗಿ ಆರಾಧನೆಗೆ ಬಾರದವರಿಗೆ ಆ ವಾರವೇ ಫೋನ್ ಮಾಡಿ. "ಯಾಕೆ ಬರಲಿಲ್ಲ" ಎನ್ನಬೇಡಿ, "ಹೇಗಿದ್ದೀರಿ" ಎನ್ನಿ. ಮೊದಲನೆಯದು ಹಾಜರಿ ಕೇಳಿದಂತಾಗುತ್ತದೆ, ಅವರು ಇನ್ನಷ್ಟು ದೂರವಾಗುತ್ತಾರೆ.

ಉತ್ತರ 2
ಆಸ್ಪತ್ರೆಗೆ ಹತ್ತು ಹದಿನೈದು ನಿಮಿಷ ಸಾಕು. ಹೋಗುವ ಮುನ್ನ ಮನೆಯವರನ್ನು ಕೇಳಿ. ಕೈ ತೊಳೆದು ಒಳಗೆ ಹೋಗಿ. ಹಾಸಿಗೆಯ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಂಡು ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಮೊದಲು ಅವರು ಮಾತಾಡಲಿ. ಪ್ರಾರ್ಥಿಸಲೇ ಎಂದು ಕೇಳಿ, ಏನಕ್ಕಾಗಿ ಎಂದೂ ಕೇಳಿ. ಆಪರೇಷನ್‌ಗಿಂತ ಮಗಳ ಫೀಸು ಅವರನ್ನು ಹೆಚ್ಚು ಕಾಡುತ್ತಿರಬಹುದು. ಕೀರ್ತನೆ 23 ಆರೇ ವಚನ, ಅಷ್ಟು ಸಾಕು. "ವಿಶ್ವಾಸವಿದ್ದರೆ ಗುಣವಾಗುತ್ತದೆ" ಎನ್ನಬೇಡಿ, ಗುಣವಾಗದಿದ್ದಾಗ ಆ ಮಾತು ರೋಗಿಯ ಎದೆಗೆ ಚುಚ್ಚುತ್ತದೆ. ಬೈಬಲಿನಲ್ಲಿ ಕಷ್ಟಕ್ಕೆ ಸಿಲುಕಿದ ಯೋಬನ ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಕುಳಿತಾಗ ಸರಿಯಾಗಿಯೇ ಇದ್ದರು, ಕಾರಣ ವಿವರಿಸಲು ಹೊರಟಾಗ ಕೆಟ್ಟರು.

ಉತ್ತರ 3
ಒಂದು ಸೇರಿಸುತ್ತೇನೆ. ಯಾಕೋಬ 5:14ರಲ್ಲಿ ಸಭೆಯ ಹಿರಿಯರನ್ನು ಕರೆಸುವವನು ರೋಗಿಯೇ. ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಅವರು ಬಯಸಿದಾಗ, ಅಯ್ಯನವರಿಗೆ ತಿಳಿಸಿ ಆಗಲಿ. ಮಹಿಳೆ ಒಬ್ಬರೇ ಇರುವ ಮನೆಗೆ ಸ್ತ್ರೀಯರ ಸಂಘದವರೊಬ್ಬರನ್ನು ಕರೆದುಕೊಂಡು ಹೋಗಿ. ಸಾವಿನ ಮನೆಗೆ ಮೊದಲ ವಾರ ಎಲ್ಲರೂ ಬರುತ್ತಾರೆ; ನೀವು ಆರನೇ ವಾರ, ಮತ್ತೆ ಮೊದಲ ಕ್ರಿಸ್‌ಮಸ್‌ಗೆ ಮುಂಚೆ ಹೋಗಿ. ಈ ದಿನಾಂಕಗಳನ್ನು ಮಣ್ಣು ಮಾಡಿದ ದಿನವೇ ಡೈರಿಯಲ್ಲಿ ಬರೆದಿಡಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಯಾರಿಗೂ ಹೇಳಬೇಡಿ ಎಂದು ಯಾರಾದರೂ ತಮ್ಮ ಗುಟ್ಟು ಹೇಳಿಕೊಂಡರೆ?

ಉತ್ತರ 2
ಪ್ರಾರ್ಥನಾ ಕೂಟದಲ್ಲೂ ಹೇಳಬೇಡಿ. "ಪ್ರಾರ್ಥನಾ ವಿಷಯ" ಎಂಬ ಹೆಸರಲ್ಲೇ ಗುಟ್ಟು ಊರೆಲ್ಲ ಹರಡುವುದು. ಆದರೆ ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯವಾಗುತ್ತಿದ್ದರೆ ಗುಟ್ಟು ಇಟ್ಟುಕೊಳ್ಳುವ ಮಾತು ಕೊಡಬೇಡಿ, ಅದನ್ನು ಅವರಿಗೆ ಮೊದಲೇ ತಿಳಿಸಿ. ಸಾಯುವ ಮಾತಾಡುವವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರ ಪಕ್ಕದಲ್ಲಿದ್ದುಕೊಂಡೇ ಕರೆ ಮಾಡಿಸಿ. ಮಕ್ಕಳ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098.