ಓಣಿಯ ಪಾರ್ಕಿನಲ್ಲಿ ಅರ್ಧ ಜಾಗ ಅಂಗಡಿಗೆ ಕೊಡುತ್ತಾರಂತೆ, ಹಾಗೆ ಕೊಡಲು ಬರುತ್ತದೆಯೇ?

ಬೇವಿನಮರದಡಿ:
ನಮಸ್ಕಾರ ಎಲ್ಲರಿಗೂ. ನಾವು ಹುಬ್ಬಳ್ಳಿಯವರು, ಉಣಕಲ್ ಕಡೆಗಿನ ಒಂದು ಹಳೆ ಬಡಾವಣೆ. ನಮ್ಮ ಓಣಿಯ ಪಾರ್ಕಿನ ಅರ್ಧ ಭಾಗ ಅಂಗಡಿ ಸಾಲಿಗೂ ಪಾರ್ಕಿಂಗಿಗೂ ಹೋಗುತ್ತದಂತೆ, ಪಾಲಿಕೆಯ ಮುಂದಿನ ಸಭೆಯಲ್ಲಿ ತೀರ್ಮಾನ ಅಂತ ಸುದ್ದಿ. ಪಾರ್ಕ್ ಈಗ ಚೆಂದ ಇಲ್ಲ, ಒಪ್ಪುತ್ತೇನೆ. ಮಳೆಗಾಲದಲ್ಲಿ ಸೊಂಟದೆತ್ತರ ಕಾಂಗ್ರೆಸ್ ಕಸ, ಬೇಸಿಗೆಯಲ್ಲಿ ಎರೆ ಮಣ್ಣು ಬಿರುಕು ಬಿಟ್ಟು ನಡೆಯೋಕೂ ಕಷ್ಟ. ಆದರೆ ಮೂರು ದೊಡ್ಡ ಬೇವಿನ ಮರ ಇವೆ, ಮಂಡಿ ನೋವಿರುವ ನಮ್ಮ ಅವ್ವ ದಿನಾ ಸಂಜೆ ಅಲ್ಲೇ ಕೂತು ಬರುತ್ತಾಳೆ, ಊರಿನ ದೊಡ್ಡ ಉದ್ಯಾನ ಗ್ಲಾಸ್ ಹೌಸ್‌ಗೆ ದಿನಾ ಆಟೋ ಮಾಡಿಕೊಂಡು ಹೋಗೋಕೆ ಆಗುತ್ತಾ? ಓಣಿಯಲ್ಲಿ ಅರ್ಧ ಜನ "ಹಾಳು ಬಿದ್ದದ್ದು ಇದ್ದರೇನು ಹೋದರೇನು" ಅಂತಾರೆ. ಏನು ಮಾಡಬೇಕು, ತಿಳಿದವರು ಹೇಳಿ.

ಹಳೇ ವಕೀಲ:
ತಂಗಿ, ಮೊದಲು ಬಡಾವಣೆಯ ಮಂಜೂರಾದ ನಕ್ಷೆ ಹುಡುಕಿ. ಅದರಲ್ಲಿ ಆ ಜಾಗ ಪಾರ್ಕ್ ಅಂತ ಇದೆಯಾ, ಸಿಎ ಸೈಟ್ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಅಂತ ಇದೆಯಾ, ಇಲ್ಲಾ ಸುಮ್ನೆ ಖಾಲಿ ಜಾಗವಾ? ಎಲ್ಲ ಅದರ ಮೇಲೇ ನಿಂತಿದೆ. ಪಾರ್ಕ್ ಅಂತ ಇದ್ದರೆ ಒಂದು ಸಭೆಯಲ್ಲಿ ಕೈ ಎತ್ತಿ ಮುಗಿಸುವ ವಿಷಯ ಅಲ್ಲ. ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲೆಂದೇ 1985ರ ಕಾಯ್ದೆ ಇದೆ.

ಬೆಂಗಳೂರಿನ ಸದಾಶಿವನಗರದ ಕೇಸು ಗೊತ್ತಿರಲಿ. ಪಾರ್ಕಿಗೆ ಮೀಸಲಿಟ್ಟ ಜಾಗವನ್ನು 1976ರಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ಸರಿಯಲ್ಲ ಅಂದಿತು. ಆಸ್ಪತ್ರೆಯಂಥ ಒಳ್ಳೆ ಕೆಲಸಕ್ಕೇ ಪಾರ್ಕ್ ಕೊಡಲು ಬರಲಿಲ್ಲ, ಇನ್ನು ಅಂಗಡಿ ಸಾಲಿಗೆ ಹೇಗೆ? ಅದರಲ್ಲಿ ನನಗೆ ದೊಡ್ಡದು ಅನಿಸೋದು ಇನ್ನೊಂದು ಮಾತು, ಪಾರ್ಕ್ ಹೋದರೆ ನಷ್ಟ ಅಲ್ಲಿ ಇರುವವರದ್ದು, ಹಾಗಾಗಿ ಕೇಳುವ ಹಕ್ಕೂ ಅವರಿಗಿದೆ ಅಂತ ಕೋರ್ಟ್ ಒಪ್ಪಿತು.

ದುರ್ಗದಬೈಲ್ ವ್ಯಾಪಾರಿ:
ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಕೊಪ್ಪಿಕರ್ ರಸ್ತೆಗೆ ಸಂಜೆ ಬಂದು ನೋಡಿ. ಯಾರೂ ಕಾಲಿಡದ ಜಾಗ ಖಾಲಿ ಬಿಡೋದಕ್ಕಿಂತ ಹತ್ತು ಜನ ದುಡಿದು ತಿನ್ನೋದು ಒಳ್ಳೆಯದಲ್ವಾ? ರಾತ್ರಿ ಅಂಥ ಕಡೆ ಕುಡುಕರು ಸೇರುತ್ತಾರೆ, ಅದೂ ನಿಜ.

ಧಾರವಾಡದ ಅಕ್ಕ:
ಅಣ್ಣಾ, ನಿಮ್ಮ ಪಾರ್ಕಿಂಗ್ ಕಷ್ಟ ಸುಳ್ಳಲ್ಲ. ಆದರೆ ಕೊಪ್ಪಿಕರ್ ರಸ್ತೆಯ ಗಾಡಿ ಉಣಕಲ್ ಕಡೆಯ ಓಣಿಗೆ ಹೋಗಿ ನಿಲ್ಲುತ್ತಾ? ಯಾರೂ ಕಾಲಿಡಲ್ಲ ಅಂದಿರಿ, ಕಸ ಅಷ್ಟು ಬೆಳೆದರೆ ಹೆಣ್ಣುಮಕ್ಕಳು, ಮಕ್ಕಳು ಹೇಗೆ ಕಾಲಿಡಬೇಕು, ಹಾವಿನ ಭಯ ಬೇರೆ. ಕಸ ಕಿತ್ತು ಒಂದು ದೀಪ ಹಾಕಿದರೆ ಕುಡುಕರೂ ಜಾಗ ಬಿಡುತ್ತಾರೆ. ನಾವು ನಮ್ಮ ಓಣಿಯಲ್ಲಿ ಹಾಗೇ ಮಾಡಿದೆವು. ಎಂಟು ಮನೆಯವರು ನಾಲ್ಕು ಭಾನುವಾರ ದುಡಿದೆವು, ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು, ಬೀಜ ಬಿದ್ದರೆ ಮುಗಿಯಿತು, ಮತ್ತೆ ಹುಟ್ಟುತ್ತದೆ. ಕೈಗವಸು ಹಾಕಿಕೊಳ್ಳಿ, ನನಗೆ ಮೊಳಕೈ ತನಕ ತುರಿಕೆ ಎದ್ದು ಎರಡು ವಾರ ಒದ್ದಾಡಿದೆ.

ಇನ್ನೊಂದು, ಬಡಾವಣೆ ಮಾಡುವವರು ಪಾರ್ಕಿಗೆ ಬಿಟ್ಟ ಜಾಗದ ಬೆಲೆಯನ್ನೂ ಸೈಟಿನ ಬೆಲೆಗೇ ಸೇರಿಸಿ ಮಾರುತ್ತಾರೆ. ಅಂದರೆ ಸೈಟು ಕೊಂಡ ದಿನವೇ ನಿಮ್ಮ ಹಿರಿಯರು ಆ ಮೂರು ಬೇವಿನ ನೆರಳಿಗೂ ದುಡ್ಡು ಕೊಟ್ಟಿದ್ದಾರೆ. ಇದನ್ನು ಓಣಿಯವರಿಗೆ ಹೇಳಿ, ಅರ್ಧ ಜನ ಆ ಕಡೆ ಇದ್ದವರು ಈ ಕಡೆ ಬರುತ್ತಾರೆ.

ಹಳೇ ವಕೀಲ:
ಅಕ್ಕಾವರು ಹೇಳಿದ್ದು ಸರಿ, ಕಸ ಕೀಳೋದರ ಜೊತೆಗೆ ಕಾಗದವೂ ಬೇಕು. ಮಾಹಿತಿ ಹಕ್ಕಿನಲ್ಲಿ ನಕ್ಷೆಯ ಪ್ರತಿ ಕೇಳಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದಕ್ಕೇ ನಕ್ಷೆಗೆ ಒಂದು, ಪ್ರಸ್ತಾವದ ಕಡತಕ್ಕೆ ಇನ್ನೊಂದು ಹಾಕಿ. ಸಭೆ ಅದಕ್ಕೂ ಮೊದಲೇ ಇದ್ದರೆ ಕಾಯಬೇಡಿ. ಓಣಿಯವರ ಸಹಿ ಹಾಕಿಸಿ ಆಕ್ಷೇಪಣೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.

ಬೇವಿನಮರದಡಿ:
ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಹದಿನಾಲ್ಕು ಸಹಿ ಆದವು, ಮೊದಲನೇದು ಅವ್ವನದು. ಪಕ್ಕದ ಮನೆ ಕಾಕಾ ಸಹಿ ಹಾಕಲಿಲ್ಲ, ಆದರೆ ಭಾನುವಾರಕ್ಕೆ ಗುದ್ದಲಿ ಕೊಡುತ್ತೇನೆ ಅಂದರು. ಅಕ್ಕಾ, ಆ ಕೈಗವಸು ರಬ್ಬರಿನದಾ, ಬಟ್ಟೆಯದಾ?