ಪದ ಬೇಕು: ಪೆಕ್ಸ್ ಪೈಪಿನ 'ಕ್ರಿಂಪ್ ರಿಂಗ್'ಗೆ ಏನನ್ನೋಣ?

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಅದಕ್ಕೇ ಅವಸರ. ಮಂಡಿಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಪೆಕ್ಸ್ ಪೈಪಿನ (ನೀರಿಗೆ ಹಾಕುವ, ಬಾಗುವ ಪ್ಲಾಸ್ಟಿಕ್ ಪೈಪು) ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಬೋ, ಟೀ, ಬಾಲ್ ವಾಲ್ವ್ ಹಾಗೇ ಬಿಟ್ಟಿದ್ದೇನೆ. ತೊಡಕಾಗಿರುವುದು ಕ್ರಿಂಪ್ ರಿಂಗ್, ಕ್ಲ್ಯಾಂಪ್ ರಿಂಗ್, ಎಕ್ಸ್‌ಪ್ಯಾನ್ಷನ್ ರಿಂಗ್. 3ಕ್ಕೂ 'ಉಂಗುರ' ಅಂತ ಹಾಕಿದರೆ ಗಿರಾಕಿ ತಪ್ಪು ಟೂಲ್ ಒಯ್ಯುತ್ತಾನೆ.

ನಮ್ಮ ಕಡೆ ಸಿಪಿವಿಸಿಗೆ, ಅಂದರೆ ಗಟ್ಟಿ ಪ್ಲಾಸ್ಟಿಕ್ ಪೈಪಿಗೆ, ಸಲ್ಯೂಷನ್ (ಅಂಟು) ಹಚ್ಚಿಯೇ ರೂಢಿ. ಅಲ್ಲಿ ಪೈಪು ಫಿಟ್ಟಿಂಗ್ ಒಳಗೆ ಹೋಗುತ್ತದೆ. ಇಲ್ಲಿ ಉಲ್ಟಾ. ಫಿಟ್ಟಿಂಗೇ ಪೈಪಿನೊಳಗೆ ಕೂರುತ್ತದೆ, ಹೊರಗಿನಿಂದ ರಿಂಗ್ ಬಿಗಿ ಹಿಡಿಯುತ್ತದೆ. ಆ ಬಿಗಿ ಪದದಲ್ಲೇ ಕಾಣಬೇಕು. ಸ್ನೇಹಿತರೊಬ್ಬರು 'ಸಂಪೀಡನ ವಲಯ' ಅಂದರು. ಮನಸ್ಸು ಒಪ್ಪಲಿಲ್ಲ.

ಚಿತ್ರದುರ್ಗದಿಂದ:

'ಸಂಪೀಡನ ವಲಯ' ಕಸಕ್ಕೆ ಹಾಕಿ. ಪದ ನಮ್ಮ ಮನೆಯಲ್ಲೇ ಇದೆ: ಅಣಸು. ಒನಕೆಯ ತುದಿ ಸೀಳದಂತೆ ಹಾಕುವ ಕಬ್ಬಿಣದ ಬಳೆ. ಓಬವ್ವನ ಊರಿನವನು ನಾನು, ಈ ಪದ ಬಿಟ್ಟುಕೊಡಲಾರೆ. ಹೊರಗಿನಿಂದ ಸುತ್ತುವರಿದು ಹಿಡಿಯುವುದೇ ಅದರ ಕೆಲಸ, ಕ್ರಿಂಪ್ ರಿಂಗ್ ಮಾಡುವುದೂ ಅದನ್ನೇ ಅಲ್ವಾ?

ತಾಮ್ರದ ರಿಂಗನ್ನು ಸುತ್ತಲೂ ಅಮುಕುತ್ತೇವೆ, ಅದು ಅಮುಕಣಸು. ಕ್ಲ್ಯಾಂಪ್ ರಿಂಗ್ ಸ್ಟೇನ್‌ಲೆಸ್ ಸ್ಟೀಲಿನದು, ಅದಕ್ಕೊಂದು ಕಿವಿ ಇದೆ, ಟೂಲ್ ಆ ಕಿವಿಯನ್ನಷ್ಟೇ ಹಿಂಡುತ್ತದೆ. ಹಾಗಾಗಿ ಕಿವಿಯಣಸು. ಎಕ್ಸ್‌ಪ್ಯಾನ್ಷನ್ ರಿಂಗ್ ಪೆಕ್ಸ್‌ನದೇ. ಪೈಪು, ರಿಂಗ್ ಎರಡನ್ನೂ ಒಟ್ಟಿಗೆ ಹಿಗ್ಗಿಸಿ ಫಿಟ್ಟಿಂಗ್ ತೂರಿಸಿದರೆ ತಾವೇ ಕುಗ್ಗಿ ಕಚ್ಚಿಕೊಳ್ಳುತ್ತವೆ. ಅದು ಹಿಗ್ಗಣಸು.

ಇನ್ನೊಂದು ಮಾತು. ಅಣಸು ಬಂದಿದ್ದು 'ಅಣೆ'ಯಿಂದ ಎಂಬುದು ನನ್ನ ಗಟ್ಟಿ ನಂಬಿಕೆ. ಮಾರಿಕಣಿವೆ ಅಣೆಕಟ್ಟು ನೀರು ಹಿಡಿಯುತ್ತದೆ, ಅಣಸೂ ನೀರು ಹಿಡಿಯುತ್ತದೆ.

ದಾವಣಗೆರೆಯ ಇನ್ನೊಬ್ಬರಿಂದ:

ಒನಕೆಯ ಅಣಸು ಯಾವ ನೀರು ಹಿಡಿಯುತ್ತಿತ್ತು ಸ್ವಾಮಿ? ಸದ್ದು ಹೋಲಿದರೆ ಧಾತು ಒಂದೇ ಆಗುವುದಿಲ್ಲ. ಸುಮ್ನೆ ಗಂಟು ಹಾಕಬೇಡಿ.

ಕೌಂಟರಿನಲ್ಲಿ ನಿಂತು 'ಅರ್ಧ ಇಂಚಿನ ಅಮುಕಣಸು' ಅಂದರೆ ಹುಡುಗ ಮುಖ ನೋಡುತ್ತಾನೆ. 'ರಿಂಗ್' ಅಂದರೆ ಡಬ್ಬ ತೆಗೆಯುತ್ತಾನೆ. ರಿಂಗ್ ಈಗ ಕನ್ನಡವೇ. ಮೇಸ್ತ್ರಿ, ಚಾವಿ ಎರಡೂ ಪೋರ್ಚುಗೀಸರಿಂದ ಬಂದವು, ಯಾರಾದರೂ ವಾಪಸ್ ಕಳಿಸಿದರಾ?

ಕರಪತ್ರದಲ್ಲಿ ಕೆಡುವ ಜಾಗ ಬೇರೆ ಇದೆ. ಪೆಕ್ಸ್-ಎ, ಬಿ, ಸಿ ಅನ್ನುವುದನ್ನು 'ದರ್ಜೆ' ಅಂತ ಬರೆಯಬೇಡಿ. ಅವು ತಯಾರಿಸುವ 3 ವಿಧಾನ, ಒಳ್ಳೆಯದು ಕೆಟ್ಟದ್ದು ಅಂತಲ್ಲ. 'ವಿಧ' ಸಾಕು. ಹಿಗ್ಗಿಸುವ ರಿಂಗ್ ಮುಖ್ಯವಾಗಿ ಎ ವಿಧಕ್ಕೆ ಅಂತಲೂ ಸೇರಿಸಿ. ಕ್ರಿಂಪ್ ಟೂಲಿಗೆ ಒಂದೊಂದು ಅಳತೆಗೂ ಬೇರೆ ಬಾಯಿ ಬೇಕು. ಕ್ಲ್ಯಾಂಪ್ ಆದರೆ ಒಂದೇ ಟೂಲ್ ಮನೆ ಕೆಲಸದ ಎಲ್ಲ ಅಳತೆಗೂ ಬರುತ್ತದೆ. ಗಿರಾಕಿಗೆ ಬೇಕಾದ್ದು ಇದು.

ಚಿತ್ರದುರ್ಗದಿಂದ:

ಚಾವಿ ಬರುವ ಮುಂಚೆ ಬೀಗದಕೈ ಇತ್ತು. ಇದ್ದ ಪದದ ಮೇಲೆ ತಂದು ಕೂರಿಸಿದ್ದನ್ನು ಎರವಲು ಅನ್ನುವುದಿಲ್ಲ, ಒತ್ತುವರಿ ಅನ್ನುತ್ತಾರೆ. ಹುಡುಗನಿಗೆ ಗೊತ್ತಿಲ್ಲ ಅಂತ ಪದ ಬಿಡುತ್ತಾ ಹೋದರೆ ಅವನ ಮಗನಿಗೆ ಒನಕೆಯೂ ಗೊತ್ತಿರುವುದಿಲ್ಲ. ಪೈಪ್ ಕಟರ್‌ಗಾದರೂ ಅಡಕತ್ತರಿ ಅಂತ ಹಾಕಿ. ಭೀಮಸಮುದ್ರದ ಅಡಕೆ ಮಂಡಿಯಲ್ಲಿ ಅದನ್ನು ತೋರಿಸಿದರೆ ಬೇರೆ ಹೆಸರೇ ಹೇಳುವುದಿಲ್ಲ.

ದಾವಣಗೆರೆಯಿಂದ, ಕೇಳಿದವನು:

ಇಬ್ಬರಿಗೂ ಧನ್ಯವಾದ. 'ದರ್ಜೆ' ಅಂತಲೇ ಬರೆದಿದ್ದೆ, ಈಗ 'ವಿಧ' ಮಾಡಿದೆ. ಅಮುಕು ರಿಂಗ್, ಕಿವಿ ರಿಂಗ್, ಹಿಗ್ಗು ರಿಂಗ್ ಅಂತ ಇಟ್ಟಿದ್ದೇನೆ. ಅಣಸು ನನಗೂ ಬಹಳ ಹಿಡಿಸಿತು, ಆದರೆ ಈ ಹಾಳೆ ಅಂಗಡಿಯಲ್ಲಿ ನಡೆಯಬೇಕು. ರಿಂಗ್ ಸರಿಯಾಗಿ ಅಮುಕಿದೆಯಾ ಅಂತ ಅಳೆದು ನೋಡುವ 'ಗೇಜ್' ಹಾಗೇ ಉಳಿಸಿ ಕೆಳಗೆ ವಿವರಿಸಿದೆ: ಅಮುಕಿದ ರಿಂಗ್ ಮೇಲೆ 'ಗೋ' ಕಚ್ಚು ಕೂರಬೇಕು, 'ನೋ-ಗೋ' ಕಚ್ಚು ಕೂರಬಾರದು. ಸೋಲಾರ್ ಹೀಟರಿನ ಹತ್ತಿರ ಪೈಪನ್ನು ಬಿಸಿಲಿಗೆ ಬಿಡಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಮ್ಯಾನಿಫೋಲ್ಡ್ ಒಂದು ಉಳಿಯಿತು. ಒಂದು ಕಡೆ ನೀರು ಬಂದು ಹಲವು ಕಡೆ ಕವಲಾಗುವುದು, ಪ್ರತಿ ಕವಲಿಗೂ ಒಂದು ವಾಲ್ವ್. ಭದ್ರಾ ನಾಲೆಯ ಕಡೆಯವರು ಯಾರಾದರೂ ಇದ್ದರೆ ಹೇಳಿ, ಇಂಥದ್ದಕ್ಕೆ ಹೊಲದಲ್ಲಿ ಏನಂತೀರಿ? ರಾತ್ರಿ 10ರವರೆಗೆ ಎದ್ದಿರುತ್ತೇನೆ.